ಆಯುಧಪೂಜೆಯ ಮರುದಿನದ ಎಕ್ಸ್‌ರೇ

ಕಾವಲಿಗೆ ನೀರುದೋಸೆ ಹೊಯ್ದು ಮುಚ್ಚಳ ಮುಚ್ಚಿದ್ದೆನಷ್ಟೆ, ಮಗಳ ಫೋನು ಬಡಿದುಕೊಳ್ಳತೊಡಗಿತು. ಆಯುಧಪೂಜೆಯ ಮರುದಿನ ಬೆಳಿಗ್ಗೆ. ರಜೆಯಲ್ಲಿ ಮನೆಗೆ ಬಂದಿದ್ದ ಮಗಳು ಹಲ್ಲುಜ್ಜುವ ನೊರೆ ಉಗುಳಿ ಓಡಿ ಬಂದು ಫೋನೆತ್ತಿದಳು.

"ಎಂತ ಅಣ್ಣ? ರೋಬೋಟು ಅಲುಗುದೇ ಇಲ್ವಾ?"

ಅವಳ ಮುಖ ನೋಡುತ್ತಾ ನಿಂತೆ, ದೋಸೆ ಕರಕಲಾಯಿತು.

ಅವಳು ಕೆಲಸ ಮಾಡುವ ಜಾಗವನ್ನು ನಾನು ಒಮ್ಮೆ ನೋಡಿದ್ದೇನೆ. ಉತ್ತರದ ಕಡೆ, ನಮ್ಮ ಊರು ಜಾಲ್ಸೂರಿನಿಂದ ಹೊರಟರೆ ರೈಲಿನಲ್ಲಿ ಕೂತು ಕೂತು ಸೊಂಟ ಹಿಡಿಯುವಷ್ಟು ದೂರ. ಬಳೆಯ ಹಾಗೆ ದುಂಡಗಿನ ದೊಡ್ಡ ಕಟ್ಟಡ. ಒಳಗಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಸುತ್ತು ಹೊಡೆಯುತ್ತವೆ, ತಿರುವಿನಲ್ಲಿ ಅವುಗಳಿಂದ ಎಕ್ಸ್‌ರೇ ಹೊಮ್ಮುತ್ತದೆ, ಆಸ್ಪತ್ರೆಯದಕ್ಕಿಂತ ಎಷ್ಟೋ ಪಾಲು ಪ್ರಖರ. ಸಿಂಕ್ರೊಟ್ರಾನ್ ಎನ್ನುತ್ತಾರೆ. ಆ ಎಕ್ಸ್‌ರೇ ಬಂದು ಬೀಳುವ ಒಂದು ಕೋಣೆ ನನ್ನ ಮಗಳ ಉಸ್ತುವಾರಿಯಲ್ಲಿದೆ. ಬೇರೆ ಬೇರೆ ಊರಿನ ಸಂಶೋಧಕರು ರವೆಗಿಂತ ಸಣ್ಣ ಹರಳುಗಳನ್ನು ಹೊಗೆಯಾಡುವ ತಣ್ಣನೆಯ ಡಬ್ಬಿಯಲ್ಲಿ ಹೊತ್ತು ತರುತ್ತಾರೆ. ಹರಳಿನ ಮೂಲಕ ಎಕ್ಸ್‌ರೇ ಹಾಯಿಸಿ ಚಿತ್ರ ತೆಗೆದರೆ ಅದರೊಳಗಿನ ಅಣುಗಳ ಜೋಡಣೆ ತಿಳಿಯುತ್ತದೆ. ಹೊಸ ಮದ್ದು ಹುಡುಕುವವರಿಗೆ ಅದು ಬೇಕು. ಒಬ್ಬೊಬ್ಬರಿಗೂ ಒಂದು ಸರದಿ. ಮುಗಿದರೆ ಮುಗಿಯಿತು, ಮುಂದಿನವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ.

ಹಳೆಯ ಕ್ರಮದಲ್ಲಿ ಪ್ರತಿ ಹರಳಿಗೂ ಕೋಣೆಯೊಳಗೆ ಹೋಗಿ, ಕೈಯಲ್ಲಿ ಇಟ್ಟು, ಹೊರಗೆ ಬಂದು ಬಾಗಿಲು ಭದ್ರಪಡಿಸಬೇಕಿತ್ತು. ಅದನ್ನೆಲ್ಲ ಬದಲಾಯಿಸಲು ಕೋಣೆಯನ್ನು ಬಹಳ ಸಮಯ ಮುಚ್ಚಿದ್ದರು. ಹೊಸ ಕ್ಯಾಮೆರಾ ಬಂತು, ಹರಳು ಎತ್ತಿ ಇಡಲು ರೋಬೋಟಿನ ತೋಳು ಬಂತು. ಆ ಗಡಿಬಿಡಿಯಲ್ಲಿ ಮಗಳು ಕಳೆದ ವರ್ಷ ಹಬ್ಬಕ್ಕೂ ಬರಲಿಲ್ಲ. ಈ ಸಲ ಎಲ್ಲ ಪರೀಕ್ಷೆ ಮಾಡಿ, ಸರಿಯಾಗಿದೆ ಎಂದು ಬರೆದು ಕೊಟ್ಟು ಬಂದಿದ್ದಳು. ಬಂದಳಲ್ಲ, ಅಷ್ಟು ದೊಡ್ಡದು ಎಂದು ನಾನು ದೇವರಿಗೆ ಎರಡು ಬತ್ತಿ ಹೆಚ್ಚು ಹಾಕಿದ್ದೆ.

ಫೋನಿನ ವೀಡಿಯೊದಲ್ಲಿದ್ದವರು ಅಲ್ಲಿನ ಟೆಕ್ನಿಶಿಯನ್. ನಮ್ಮ ಕಡೆಯವರೇ, ಕಲ್ಲುಗುಂಡಿಯವರು. ಅಷ್ಟು ದೂರದಲ್ಲಿ ಮಗಳಿಗೆ ನಮ್ಮ ಮಾತು ಆಡುವವರೊಬ್ಬರು ಸಿಕ್ಕಿದ್ದೂ ದೇವರ ದಯೆಯೇ.

"ಮೇಡಂ, ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಒಳಗೆ ಯಾರೋ ನಿಂತಿದ್ದಾರೆ ಅಂತಲೇ ತೋರಿಸ್ತಾ ಉಂಟು. ಒಳಗೆ ಒಂದು ನರಪಿಳ್ಳೆಯೂ ಇಲ್ಲ."

ಯಾರಾದರೂ ಹತ್ತಿರ ಬಂದರೆ ಪೆಟ್ಟಾಗಬಾರದೆಂದು ತೋಳು ತಾನಾಗಿ ನಿಲ್ಲುವ ಏರ್ಪಾಡಂತೆ. ನಿಂತದ್ದು ಇದ್ದಲ್ಲೇ ಇದೆ. ಆ ದಿನದ ಸರದಿ ಒಬ್ಬ ಹುಡುಗಿಯದು. ಕ್ಷಯದ ರೋಗಾಣುವಿನ ಯಾವುದೋ ಪ್ರೋಟೀನನ್ನು ಹರಳಾಗಿಸಲು ವರ್ಷಗಟ್ಟಲೆ ಒದ್ದಾಡಿದವಳು. ಕೋಣೆ ಮತ್ತೆ ತೆರೆಯುವುದನ್ನೇ ಕಾದಿದ್ದಳು. ಸಂಜೆಗೆ ಬೇರೆ ಗುಂಪು ಬರುತ್ತದೆ. ಇವತ್ತು ತಪ್ಪಿದರೆ ಮತ್ತೆ ಸರದಿ ಸಿಗುವಷ್ಟರಲ್ಲಿ ಅವಳ ಪಿಎಚ್‌ಡಿಯ ಗಡುವು ದಾಟಿರುತ್ತದೆ.

"ಹಳೇ ಹಾಗೆ ಕೈಯಲ್ಲಿ ಇಟ್ಟರೆ ಆಗುದಿಲ್ವಾ?" ಎಂದೆ.

"ಆ ಸ್ಟ್ಯಾಂಡನ್ನೇ ಬಿಚ್ಚಿ ಹಾಕಿದ್ದೇವಮ್ಮ. ನೀನು ಸ್ವಲ್ಪ ಸುಮ್ಮನಿರು."

ಅಷ್ಟರಲ್ಲಿ ನಮ್ಮ ಮನೆಯವರು ಚಹಾ ಹಿಡಿದು ಬಂದರು. ಪಂಪಿನ ಮೋಟಾರು ರಿಪೇರಿ ಇವರ ಕಸುಬು. "ಎಲ್ಲಾದರೂ ಇಲಿ ವಯರು ಕಡಿದಿರಬೇಕು," ಎಂದರು.

"ಅಲ್ಲಿ ಇಲಿ ಇಲ್ಲ ಅಪ್ಪ!"

"ನಿನ್ನೆ ಪೂಜೆ ಮಾಡಿದ್ದಾರಲ್ಲ, ದೇವರೇ ಬಂದು ನಿಂತಿರಬೇಕು. ನಿನ್ನ ಅಮ್ಮನನ್ನು ಕೇಳು, ಅವಳಿಗೆ ಪರಿಚಯ ಉಂಟು."

"ತಮಾಷೆ ಮಾಡ್ಬೇಡಿ ಮಾರಾಯ್ರೆ, ಆ ಮಗು ಅಲ್ಲಿ ಅಳ್ತಾ ಇದೆ," ಎಂದೆ ನಾನು.

ನಿಜಕ್ಕೂ ಅಳುತ್ತಿದ್ದಳು. ವೀಡಿಯೊದಲ್ಲಿ ಕಂಡಿತು, ಡಬ್ಬಿಯನ್ನು ಕಾಲ ನಡುವೆ ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು, ರೈಲಿನಲ್ಲಿ ಸಾಮಾನು ಕಾಯುವವರ ಹಾಗೆ. ಅವಳಿಗೊಂದು ದಾರಿ ಮಾಡು ದೇವರೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಮ್ಮ ಗಡಿಯ ಊರಿನಲ್ಲಿ ಫೋನು ಆಗಾಗ ಕೇರಳದ ಟವರಿಗೆ ಹಾರಿ ಮಾತು ಕಡಿದು ಹಾಕುತ್ತದೆ, ಆ ಬೆಳಿಗ್ಗೆ ಹಾರಲಿಲ್ಲ. ಅದೂ ಒಂದು ಪುಣ್ಯ.

"ಅಣ್ಣ, ನಾನು ಬಂದ ಮೇಲೆ ಅಲ್ಲಿ ಎಂತಾದರೂ ಬದಲಾಗಿದೆಯಾ?"

"ಇಲ್ಲ ಮೇಡಂ. ನಿನ್ನೆ ಪೂಜೆಗೆ ಹೂ ಇಟ್ಟದ್ದು, ಬೆಳಿಗ್ಗೆ ಒಂದೂ ಬಿಡದೆ ತೆಗೆದಿದ್ದೇನೆ."

"ಹೂ ಹೊರಗಿನ ಬಾಗಿಲಿಗೆ ಮಾತ್ರ ಅಂತ ಹೇಳಿದ್ದೆನಲ್ಲ?"

"ಹೊಸ ರೋಬೋಟಲ್ವಾ ಮೇಡಂ, ಮೊದಲನೇ ಪೂಜೆ. ಬಾಗಿಲಿಗೆ ಮಾಡಿ ಅದನ್ನು ಬಿಟ್ಟರೆ ಸಮಾಧಾನ ಆಗ್ಲಿಲ್ಲ."

ತಪ್ಪೆನ್ನಲು ನನಗೂ ಬಾಯಿ ಬರಲಿಲ್ಲ. ನಮ್ಮ ಕಡೆ ಹುಲ್ಲು ಕೊಯ್ಯುವ ಕತ್ತಿಯಿಂದ ಮಿಕ್ಸಿಯವರೆಗೆ ಯಾವುದನ್ನೂ ಆ ದಿನ ಹಾಗೇ ಬಿಡುವುದಿಲ್ಲ.

ಮಗಳು ಪಟ್ಟು ಬಿಡದೆ ಸುತ್ತಲೂ ತೋರಿಸಿ ಎಂದಳು. ಅವರು ಫೋನು ಹಿಡಿದು ಒಳಗೆ ಹೋದರು. ನಾನೂ ಅವಳ ಹೆಗಲ ಮೇಲಿಂದ ಇಣುಕಿದೆ. ಬಿಳಿ ತೋಳು, ಅದರ ಬುಡದಲ್ಲಿ ಹಳದಿ ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಕಪ್ಪು ಗಾಜು.

"ಎಷ್ಟು ಚಂದ ಮಾಡಿ ಗಂಧ ಇಟ್ಟಿದ್ದಾರೆ ನೋಡು! ಮೇಲೊಂದು ಕುಂಕುಮ. ಮುಖವೇ ಬಂದ ಹಾಗಾಗಿದೆ," ಎಂದೆ.

"ಎಲ್ಲಿ ಅಮ್ಮ?"

"ಆ ಕಪ್ಪು ಗಾಜಿನ ನಡುವೆ."

ಮಗಳು ಹಣೆ ಬಡಿದುಕೊಂಡಳು. ಯಾರಾದರೂ ಹತ್ತಿರ ಬಂದರೋ ಎಂದು ನೋಡುತ್ತಾ ಕೂರುವ ಕಣ್ಣು ಅದೇ. ಅದರ ನೇರ ಮುಂದೆ ಗಂಧ ಒಣಗಿ ಕೂತಿತ್ತು. ಯಾರೋ ಎದುರಿಗೇ ನಿಂತಿದ್ದಾರೆಂದು ಅದು ತಿಳಿದದ್ದರಲ್ಲಿ ಆಶ್ಚರ್ಯವೇನು?

"ಅಣ್ಣ, ಲೆನ್ಸಿನ ಬಟ್ಟೆಯಲ್ಲಿ ಅದನ್ನು ಮೆಲ್ಲಗೆ ಒರೆಸಿ."

ಅವರ ಕೈ ಮುಂದೆ ಬರಲಿಲ್ಲ. "ಮೇಡಂ... ವಿಜಯದಶಮಿ ದಿನ ಬೆಳಿಗ್ಗೆ ಕುಂಕುಮ ಒರೆಸುದಾ?"

ಈಗ ಮಗಳು ಫೋನನ್ನು ನನ್ನ ಕಡೆ ತಿರುಗಿಸಿದಳು. ಅವಳ ವಿಜ್ಞಾನ ಯಾವುದೂ ಅಲ್ಲಿ ನಡೆಯುವ ಹಾಗಿರಲಿಲ್ಲ.

"ಅಣ್ಣ," ಎಂದೆ, "ದಿನಾ ಬೆಳಿಗ್ಗೆ ದೇವರ ಮೇಲಿನ ನಿರ್ಮಾಲ್ಯ ತೆಗೀತೇವಲ್ಲ, ಅದೂ ಪೂಜೆಯೇ. ಹೂ ತೆಗೆದಿರಿ, ಗಂಧ ಬಾಕಿ ಆಯಿತು, ಅಷ್ಟೇ. ಒರೆಸಿದ ಬಟ್ಟೆಯನ್ನು ಕಸಕ್ಕೆ ಹಾಕ್ಬೇಡಿ, ನೀರಲ್ಲಿ ಅದ್ದಿ ತುಳಸಿ ಬುಡದಲ್ಲಿ ಹಿಂಡಿ."

"ಹಾಗಾದ್ರೆ ಆಯಿತು ಅಕ್ಕ," ಎಂದು ಅವರು ಒಂದು ಸಲ ಕೈ ಮುಗಿದು ಒರೆಸಿದರು. ಹೊರಬಂದು ಬಾಗಿಲು ಹಾಕಿದರು. ಹೊರಗಿನ ಕಂಪ್ಯೂಟರಿನ ಪರದೆಯಲ್ಲಿ ಕಂಡಿತು, ತೋಳು ಒಮ್ಮೆ ನಡುಗಿ, ಮದುಮಗಳು ಹೆಜ್ಜೆ ಇಡುವ ಹಾಗೆ ನಿಧಾನಕ್ಕೆ ಎದ್ದಿತು.

ಇವರು ಖಾಲಿ ಲೋಟ ಕೆಳಗಿಟ್ಟು, "ಇಲಿ ಅಲ್ಲ ಹಾಗಾದರೆ," ಎಂದು ಸ್ನಾನಕ್ಕೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಮೊದಲ ಚಿತ್ರ ಬಂತು. ತುಂಬ ಚುಕ್ಕಿಗಳು, ಎಳೆ ಎಳೆಯುವ ಮೊದಲು ಅಂಗಳದಲ್ಲಿ ಇಟ್ಟ ರಂಗೋಲಿಯ ಹಾಗೆ. ನನಗೆ ಅಷ್ಟೇ ಅರ್ಥವಾದದ್ದು. ಆ ಹುಡುಗಿಗೆ ಎಲ್ಲವೂ ಅರ್ಥವಾಗಿರಬೇಕು. ಫೋನಿನಲ್ಲಿ ಅವಳು ಹಿಂದಿಯಲ್ಲಿ ಒಂದೇ ಸಮನೆ ಮಾತಾಡುತ್ತಿದ್ದಳು, ನಡುನಡುವೆ ನಗು. ಸಂಜೆಯೊಳಗೆ ಎಲ್ಲ ಹರಳೂ ಮುಗಿಯುತ್ತದೆಯೇ ಎಂದು ಕೇಳಿದೆ.

"ಮುಗೀತದೆ ಅಮ್ಮ. ರೋಬೋಟು ಅಲ್ವಾ, ಚಹಾ ಕುಡೀಲಿಕ್ಕೆ ಎದ್ದು ಹೋಗುದಿಲ್ಲ," ಎಂದು ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟು ಚಿತ್ರ ನೋಡುತ್ತಲೇ ದೋಸೆ ಮುರಿದಳು.

ದೇವರಿಗೆ ಅಲ್ಲಿಂದಲೇ ಒಂದು ಕೈ ಮುಗಿದು ಒಳಗೆ ಹೋದೆ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಇನ್ನೂ ತೊಳೆದಿರಲಿಲ್ಲ.