ಅಳಿಯನ ಕಾಲಿಗೆ ಸೇರಕ್ಕಿ

ಹಜಾರದಲ್ಲಿ ಕುಳಿತು ಒಣಗಿದ ಕಾಯಿಯ ಕರಟ ಬಿಡಿಸುತ್ತಿದ್ದೆ. ಒಳಗಿನ ಉಂಡೆ ಕೊಬ್ಬರಿಗೆ ಏಟು ತಾಗದ ಹಾಗೆ ಮಚ್ಚಿನ ಬೆನ್ನಿನಿಂದ ಮೆಲ್ಲಗೆ ತಟ್ಟಬೇಕು. ಆ ದಿನ ಏಟು ಎಲ್ಲೆಲ್ಲೋ ಬೀಳುತ್ತಿತ್ತು. ಕಿವಿಯೆಲ್ಲ ಬಸ್ಸಿನ ಕಡೆ.

ನಮಗೆ ಇದ್ದವಳು ಒಬ್ಬಳೇ ಮಗಳು. ಅವಳನ್ನು ಮದುವೆಯಾದ ಹುಡುಗ ಮನೆ ಅಳಿಯನಾಗಿ ನಮ್ಮಲ್ಲೇ ಇರಲು ಒಪ್ಪಿದ್ದ. ಧಾರೆಯಾದ ಮೇಲೆ ಹಂದನಕೆರೆ ಕಡೆಯ ಅವನ ಊರಿಗೆ ಹೋದವರು ಹಿಂದಿನ ಸೋಮವಾರವೇ ಬರಬೇಕಿತ್ತು, ಬರಲಿಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ಕೇಳೋಣವೆಂದರೆ ಅವರ ಮನೆಯಲ್ಲಿ ಫೋನಿಲ್ಲ. ಅವನ ಅಣ್ಣಂದಿರು, "ಹೆಂಡ್ತಿ ಮನೆ ಕಾಯಕ್ಕೆ ಹೋಯ್ತೀಯೇನ್ಲಾ?" ಎಂದು ಅವನನ್ನು ಆಡಿಕೊಳ್ಳುತ್ತಿದ್ದಾರಂತೆ ಎಂದು ಯಾರೋ ಹೇಳಿದ್ದರು. ಹುಡುಗ ಮನಸ್ಸು ಬದಲಿಸಿಬಿಟ್ಟರೆ? ಶಿವನೇ, ನೀನೇ ಕರಕೊಂಡು ಬಾರಪ್ಪ.

ಅಷ್ಟರಲ್ಲಿ ನಮ್ಮನೆಯವರು ಬೀದಿಯಿಂದಲೇ ಕೂಗಿದರು, "ಬಂದ್ರು ಕಣೇ! ಟ್ರಂಕು ಸಮೇತ ಇಳ್ದವ್ರೆ!"

ಟ್ರಂಕು! ಸುಮ್ಮನೆ ಬಂದು ಹೋಗುವವನು ಟ್ರಂಕು ತರುತ್ತಾನೆಯೇ? ಕೈಯಲ್ಲಿದ್ದ ಕಾಯಿ ಎಲ್ಲಿ ಉರುಳಿತೋ ನೋಡಲಿಲ್ಲ.

ಮಂಡಿನೋವೆಂದು ಮಲಗಿದ್ದ ನಮ್ಮತ್ತೆ ನನಗಿಂತ ಮೊದಲೇ ಬಾಗಿಲಲ್ಲಿದ್ದರು. ಸೇರಿನ ತುಂಬ ಅಕ್ಕಿ ತುಂಬಿ ಹೊಸಿಲ ಮೇಲೆ ಇಟ್ಟೂ ಆಗಿತ್ತು. ಮನೆ ತುಂಬುವ ಹೊಸ ಸೊಸೆ ಒದೆಯುವ ಸೇರು ಅದು. ಮಗಳು ಕಾಲೆತ್ತಿದಳು.

"ನೀನ್ಯಾಕೆ ಒದೀತೀಯೇ? ನೀನು ಹುಟ್ಟಿದ್ದೇ ಇಲ್ಲಿ. ಹೊಸದಾಗಿ ಬತ್ತಿರೋನು ಅವ್ನು. ಒದಿಯಪ್ಪ ನೀನು," ಎಂದರು ಅತ್ತೆ.

ಎದುರುಮನೆಯಾಕೆ ಜಗಲಿಯಿಂದ, "ಏನಜ್ಜಿ, ಅಳಿಯನ್ನೇ ಸೊಸೆ ಮಾಡ್ಕಂಡ್ಯಾ?" ಎಂದಳು. ಬೀದಿಯೆಲ್ಲ ನಗು. ಮುಗಿಯಿತು, ಹುಡುಗ ಬಂದ ಬಸ್ಸಿಗೇ ವಾಪಸ್ಸು ಎಂದುಕೊಂಡೆ.

ಅವನು ಟ್ರಂಕು ಇಳಿಸಿದ. ಪಂಚೆ ಎತ್ತಿ ಕಟ್ಟಿದ. "ಯಾವ ಕಾಲು, ಅಜ್ಜಿ?"

"ಬಲಗಾಲು ಕಣಪ್ಪ!"

ಸೊಸೆಯಾದವಳು ಬೆರಳು ತಾಗಿಸಿದರೆ ಸಾಕು. ಇವನಿಗೇನು ಗೊತ್ತು! ಚೆಂಡು ಒದ್ದ ಹಾಗೆ ಒದ್ದ. ಸೇರು ಉರುಳುತ್ತಾ ಹಜಾರ ದಾಟಿತು, ಅಕ್ಕಿ ದೇವರ ಗೂಡಿನವರೆಗೂ ಹಾರಿತು. "ತುಂಬ್ತು ಬುಡು ನಮ್ಮನೆ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಅವನೂ ನಕ್ಕ. ಆಡಿಕೊಂಡ ಎದುರುಮನೆಯಾಕೆಯೇ ಆರತಿ ತಟ್ಟೆ ಹಿಡಿದು ಓಡಿಬಂದಳು.

ಬಸ್ಸು ಕೆಡಲಿಲ್ಲ, ಅತ್ತೆಯ ಮಂಡಿ ಹಿಡಿಯಲಿಲ್ಲ, ಹುಡುಗ ಸಿಟ್ಟಾಗಲಿಲ್ಲ. ದೇವರು ಇನ್ನೆಷ್ಟು ಕೊಡಬೇಕು? ನಮ್ಮ ಬೀದಿಯಲ್ಲಿ ಒಂದೇ ಸೂರಿನಡಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರಿದ್ದರು, ತಂಗಿಯ ಮಕ್ಕಳನ್ನು ಸಾಕುತ್ತಿದ್ದ ಅಕ್ಕನಿದ್ದಳು. ಇನ್ನು ಅಳಿಯ ಬಂದು ತುಂಬಿದ ನಮ್ಮದೂ ಒಂದು ಥರದ ಮನೆ.

ಚೆಲ್ಲಿದ ಅಕ್ಕಿಗೆ ಪೊರಕೆ ತಾಗಿಸದೆ ಕೈಯಲ್ಲೇ ಬಳಿದು ಮೊರಕ್ಕೆ ತುಂಬಿಕೊಂಡೆ. ಅವನ ಪಾಲಿನದನ್ನೂ ಸೇರಿಸಿ ಅನ್ನಕ್ಕೆ ಎಸರಿಟ್ಟೆ.