ಹಸಿರು ದೀಪ ಹೇಳಿದ ಸುಳ್ಳು

ಕೆಲಸಕ್ಕೆ ಹೊರಟಾಗ ಮುಂಬಾಗಿಲು ಎಳೆದುಕೊಂಡು, ಹೊರಗಿನಿಂದ ಭುಜ ಕೊಟ್ಟು ಒಮ್ಮೆ ನೂಕಿ ನೋಡದೆ ಮೇಷ್ಟ್ರು ಮೆಟ್ಟಿಲು ಇಳಿದವರಲ್ಲ.

“ಗಟ್ಟಿಯಾಗಿದೆ, ಹೋಗಿ ಬನ್ನಿ. ನೀವು ನೂಕೀ ನೂಕೀನೇ ಒಂದಿನ ಬೀಳುತ್ತೆ,” ಎಂದು ಹೆಂಡತಿ ಒಳಗಿನಿಂದ ಹೇಳುತ್ತಿದ್ದಳು. ಹಿತ್ತಿಲ ಬಾಗಿಲು ಬೆಕ್ಕಿಗಾಗಿ ದಿನವಿಡೀ ತೆರೆದೇ ಇರುತ್ತಿತ್ತು.

ಬೀದಿಯವರಿಗೆ ಅವರು ಬೀಗದ ಮೇಷ್ಟ್ರು. ಮಾಡುತ್ತಿದ್ದದ್ದು ಕಬ್ಬಿಣದ ಬೀಗವಲ್ಲ; ಸಂದೇಶ ಬಿಚ್ಚುವ ಗುಟ್ಟಿನ ಕೀಲಿಯನ್ನು ಬೆಳಕಿನ ಒಂದೊಂದೇ ಕಣವಾಗಿ ಗಾಜಿನ ಎಳೆಯಲ್ಲಿ ಕಳಿಸುವ ಕ್ವಾಂಟಮ್ ಯಂತ್ರ. ನಡುದಾರಿಯಲ್ಲಿ ಯಾರಾದರೂ ಇಣುಕಿದರೆ ಕಣ ಕೆಡುತ್ತದೆ, ಹಸಿರು ದೀಪ ಆರಿ ಕೆಂಪು ಹತ್ತುತ್ತದೆ. “ಇದನ್ನ ಮುರೀಬೇಕಾದ್ರೆ ಸೃಷ್ಟಿಯ ನಿಯಮಾನೇ ಮುರೀಬೇಕು,” ಎಂದು ಊಟದ ನಡುವೆಯೂ ಹೇಳುವರು. ಹೆತ್ತವರಿಗೆ ಹೆಗ್ಗಣ ಮುದ್ದು.

ಯಂತ್ರವನ್ನು ಬ್ಯಾಂಕಿಗೆ ಒಪ್ಪಿಸುವ ಮುನ್ನ ಪರೀಕ್ಷೆಗೆಂದು ಹೊರಗಿನವರೊಬ್ಬರು ಕೀಲಿ ಕದಿಯಲು ನೋಡಬೇಕು. ಯಂತ್ರ ಗೆದ್ದರೆ ಮೇಷ್ಟ್ರಿಗೆ ಕಚೇರಿಯ ಮುಖ್ಯಸ್ಥರ ಕುರ್ಚಿ. ಸೋತರೆ ಆ ಕುರ್ಚಿ ಪಕ್ಕದ ಕೋಣೆಯವನಿಗೆ. ಆ ಕಳ್ಳಗಸುಬು ಬಲ್ಲವರು ಊರಿಗೆ ಒಬ್ಬರೇ, ಆ ಒಬ್ಬ ಅವರ ಹೆಂಡತಿಯ ತಮ್ಮ.

ಭಾವಮೈದ ಮೊದಲು ಎಳೆಯೊಳಗೆ ಪ್ರಖರವಾದ ಲೇಸರ್ ಹರಿಸಿ, ಕಣ ಎಣಿಸುವ ಯಂತ್ರದ ಕಣ್ಣು ಕುರುಡು ಮಾಡಿದ. ಆಮೇಲೆ ಬರುವ ಕಣಗಳನ್ನು ಆರಾಮವಾಗಿ ತಾನೇ ಓದಿಕೊಂಡು, ಓದಿದ್ದನ್ನು ಆ ಕುರುಡುಗಣ್ಣಿಗೆ ಜೋರು ಬೆಳಕಿನಲ್ಲಿ ತಟ್ಟಿ ತಟ್ಟಿ ಹೇಳಿಕೊಟ್ಟ. ಅದು ಗಿಳಿಯ ಹಾಗೆ ಅದನ್ನೇ ಒಪ್ಪಿಸಿತು; ಕೆಟ್ಟ ಕಣ ಅದಕ್ಕೆ ಕಾಣಲೇ ಇಲ್ಲ.

“ಹಸಿರು ಉರೀತಾನೇ ಇದೆ. ನಿನಗೇನೂ ಸಿಕ್ಕಿಲ್ಲ,” ಎಂದು ಮೇಷ್ಟ್ರು ನಕ್ಕರು.

ಭಾವಮೈದ ತನ್ನ ಪರದೆ ತಿರುಗಿಸಿದ. ಕೀಲಿ ಇಡಿಯಾಗಿ ಅಲ್ಲಿತ್ತು.

“ಸೃಷ್ಟಿಯ ನಿಯಮ?”

“ಅದು ಮುರಿದಿಲ್ಲ ಭಾವ. ಅದು ದೇವರದು. ಡಬ್ಬ ನಿಮ್ಮದು.”

ಇಷ್ಟು ಕಾಲ ಮೇಷ್ಟ್ರು ಕತ್ತಲಲ್ಲಿ ಬರುವ ಕಳ್ಳನಿಗಾಗಿ ಕಾದಿದ್ದರು. ಕಳ್ಳ ದೀಪ ಹಿಡಿದುಕೊಂಡೇ ಬಂದಾನೆಂದು ಯಾರು ಕಂಡಿದ್ದರು?

ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಭಾವಮೈದ ಆಗಲೇ ಚಹಾ ಕುಡಿಯುತ್ತಿದ್ದ.

“ಮುಂದೆ ಚಿಲಕ ಹಾಕಿತ್ತಲ್ಲೋ, ಹೇಗೆ ಬಂದೆ?”

“ಹಿತ್ತಿಲಿಂದ. ಬೆಕ್ಕು ದಾರಿ ಬಿಡ್ತು.” ಅವನು ಲೋಟ ಕೆಳಗಿಟ್ಟ. “ವರದಿ ಇನ್ನೂ ಕಳಿಸಿಲ್ಲ ಭಾವ. ಪಾಸು ಅಂತ ಬರೀತೀನಿ. ಕುರ್ಚಿ ಮೇಲೆ ಕೂತ್ಕೊಂಡು ನಿಧಾನಕ್ಕೆ ಸರಿ ಮಾಡಿ. ಅಕ್ಕನ ಮುಖ ನೋಡಿ ಹೇಳ್ತಿದ್ದೀನಿ.”

ಅಕ್ಕ ಒಲೆಯ ಕಡೆ ತಿರುಗಿಕೊಂಡಳು. ಮೇಷ್ಟ್ರು ಹೋಗಿ ಹಿತ್ತಿಲ ಬಾಗಿಲನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅದಕ್ಕೆ ಚಿಲಕವೇ ಇರಲಿಲ್ಲ.

“ಬೇಡಪ್ಪ,” ಎಂದರು. “ಸುಳ್ಳು ಹೇಳೋ ಹಸಿರು ದೀಪ ಒಂದು ನಾನೇ ಮಾಡಿಟ್ಟಿದ್ದೀನಿ. ಎರಡನೇದನ್ನ ನೀನು ಹಚ್ಚಬೇಡ. ಕಂಡದ್ದನ್ನ ಕಂಡ ಹಾಗೆ ಬರಿ.”