ತಕ್ಕಡಿ ಸಾಹೇಬರ ಮಂಡಿನೋವಿನ ತೂಕ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ ಆ ಮಹಾಶಯರನ್ನು ಪೇಟೆಯವರೆಲ್ಲ ತಕ್ಕಡಿ ಸಾಹೇಬರೆಂದೇ ಕರೆಯುತ್ತಿದ್ದರು. ಅವರು ಬೀದಿಯ ಈ ತುದಿಯಲ್ಲಿ ಸೈಕಲ್ ಇಳಿದರೆ ಸಾಕು, ಆ ತುದಿಯ ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ತಾನಾಗಿಯೇ ನೆಟ್ಟಗೆ ನಿಲ್ಲುತ್ತಿತ್ತಂತೆ. ಸೇನಾಪತಿಗಳು ಕೋಟೆ ಗೆದ್ದಿರಬಹುದು. ನಮ್ಮ ಸಾಹೇಬರು ಗ್ರಾಂ ಗ್ರಾಮಾಗಿ ಇಡೀ ಪೇಟೆಯನ್ನೇ ಗೆದ್ದವರು.

ಈ ದಿಗ್ವಿಜಯದಲ್ಲಿ ಗಾಯಗೊಂಡದ್ದು ಅವರ ಮಂಡಿಗಳು ಮಾತ್ರ. ಮುಳ್ಳನ್ನು ಮೇಲಿನಿಂದ ನೋಡಿದರೆ ಒಂದು ತೂಕ, ಓರೆಯಿಂದ ನೋಡಿದರೆ ಇನ್ನೊಂದು. ಕಣ್ಣು ಮುಳ್ಳಿನ ಮಟ್ಟಕ್ಕೇ ಬರಬೇಕು ಎಂಬುದು ಅವರ ವ್ರತ. ಹಾಗಾಗಿ ದಿನಕ್ಕೆ ನಲವತ್ತು ಸಲ, ಅಂಗಡಿ ಅಂಗಡಿಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆದ್ದರು. ನಿವೃತ್ತಿಯಾದ ಮೂರನೇ ವರ್ಷ ಬಲಮಂಡಿ ದಿನವೂ ಕಟಕಟ ಎನ್ನತೊಡಗಿತು. ಎಡಮಂಡಿ ಅದಕ್ಕೆ ಹೂಂಗುಟ್ಟಿತು.

ಮನೆಯೋ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಐವತ್ತನಾಲ್ಕು ಮೆಟ್ಟಿಲು. ಹತ್ತುವುದು ಕಷ್ಟ, ಇಳಿಯುವುದು ಇನ್ನೂ ಘೋರ. ಕೊನೆಗೆ ಸಾಹೇಬರು ತಮ್ಮದೇ ಬಾಲ್ಕನಿಯಲ್ಲಿ ಸೆರೆಯಾದರು. ತರಕಾರಿ ಗಾಡಿ ಬಂದರೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುವುದು, ಗಾಡಿಯವನು ತೂಗಿ ಹಾಕುವುದು, ಇವರು ಕತ್ತು ಚಾಚಿ ಕೂಗುವುದು:

"ಮುಳ್ಳು ಎಲ್ಲಿದೆಯಪ್ಪಾ, ನೋಡಿ ಹೇಳು!"

"ನೆಟ್ಟಗಿದೆ ಸಾಹೇಬ್ರೇ, ನಿಮ್ಮಾಣೆ!"

ನೆಟ್ಟಗಿದೆಯಂತೆ! ಮೂವತ್ತೊಂದು ವರ್ಷದಲ್ಲಿ ಯಾವ ವ್ಯಾಪಾರಿ ತಾನೇ ಡೊಂಕಾಗಿದೆ ಎಂದಿದ್ದ? ಮೂರು ಮಹಡಿ ಎತ್ತರದಿಂದ ಒಂದು ಕಿಲೋ ಟೊಮೆಟೊವನ್ನು ಕಣ್ಣುಮುಚ್ಚಿ ನಂಬಬೇಕಾಗಿ ಬಂದದ್ದು ಸಾಹೇಬರಿಗೆ ಮಂಡಿನೋವಿಗಿಂತ ಹೆಚ್ಚು ನೋಯಿತು. ಮತ್ತೆ ಆ ಐವತ್ತನಾಲ್ಕು ಮೆಟ್ಟಿಲು ತಾವೇ ಇಳಿಯಬೇಕು, ಮುಳ್ಳಿನೆದುರು ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲಬೇಕು. ಅವರಿಗೆ ಬೇಕಾದದ್ದು ಇಷ್ಟೇ.

ಕಂಬಿ ಹಿಡಿದು ಅರ್ಧ ಗಂಟೆ ಮೆಟ್ಟಿಲಿಳಿದು ತಲುಪಿದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಎರಡು ಮೂಳೆ ನಡುವೆ ಇರೋ ಮೆತ್ತೆ ಸವೆದಿದೆ ಸರ್," ಎಂದರು.

"ತಕ್ಕಡಿ ದಂಡ ಕೂತು ತೂಗೋ ಅಲಗು ಸವೆದಿದೆ ಅನ್ನಿ."

"ಹಾಗೇ ಅನ್ಕೊಳ್ಳಿ. ತೊಡೆಯ ಸ್ನಾಯು ಗಟ್ಟಿಯಾದ್ರೆ ಮಂಡಿ ಮೇಲಿನ ಹೊರೆ ಕಮ್ಮಿಯಾಗತ್ತೆ. ನಾವಿಲ್ಲಿ ಒಂದು ಅಧ್ಯಯನ ಮಾಡ್ತಿದ್ದೀವಿ. ಎಲ್ಲರಿಗೂ ಹನ್ನೆರಡು ವಾರ ವ್ಯಾಯಾಮ. ಜೊತೆಗೆ ಅರ್ಧ ಜನಕ್ಕೆ ಮಂಡಿಗೆ ಔಷಧದ ಇಂಜೆಕ್ಷನ್, ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಸಿಕ್ತು ಅಂತ ನಿಮಗೂ ಗೊತ್ತಾಗಲ್ಲ, ಚುಚ್ಚೋ ನಮಗೂ ಗೊತ್ತಾಗಲ್ಲ. ಕೊನೇಲಿ ಲಕೋಟೆ ಒಡೆದು ನೋಡೋದು."

ತೂಗುವವನಿಗೇ ತಟ್ಟೆಯಲ್ಲಿ ಏನಿದೆಯೆಂದು ಗೊತ್ತಿಲ್ಲ! ಮೋಸಕ್ಕೆ ಬಾಗಿಲೇ ಇಲ್ಲದ ಇಂಥ ತೂಕವನ್ನು ಸಾಹೇಬರು ಜನ್ಮದಲ್ಲಿ ಕಂಡಿರಲಿಲ್ಲ. ಸಂತೋಷದಿಂದ ಅವರ ಕಣ್ಣು ಒದ್ದೆಯಾಯಿತು.

"ಉಪ್ಪುನೀರಿಗೆ ಇಷ್ಟು ದೂರ ಯಾಕ್ರೀ ಬರಬೇಕಿತ್ತು?" ಎಂದರು ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ. "ಅಡುಗೆಮನೆಗೆ ಬಂದಿದ್ರೆ ನಾನೇ ಕೊಡ್ತಿದ್ದೆ."

ಅಧ್ಯಯನಕ್ಕೆ ಸೇರುವ ಮುನ್ನ ಏಳು ದಿನ ನೋವಿನ ಡೈರಿ ಬರೆಯಬೇಕಿತ್ತು. ಅಧ್ಯಯನದ ನರ್ಸ್ ಅದನ್ನು ಕೈಗಿಟ್ಟು ವಿವರಿಸಿದಳು. "ದಿನಾ ಸಂಜೆ ಒಂದು ಅಂಕಿ ಬರೀರಿ ಸಾರ್. ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ನೀವು ಊಹಿಸಬಹುದಾದ ಅತಿ ದೊಡ್ಡ ನೋವು."

"ಎಷ್ಟು ದೊಡ್ಡದು ಊಹಿಸ್ಬಹುದು ಸಿಸ್ಟರ್?"

"ನಿಮ್ಮಿಷ್ಟ ಸಾರ್," ಎಂದುಬಿಟ್ಟಳು ಪಾಪದ ಹುಡುಗಿ.

ಬೇರೆಯವರಾಗಿದ್ದರೆ ಐದೋ ಆರೋ ಗೀಚಿ ಮುಗಿಸುತ್ತಿದ್ದರು. ಸಾಹೇಬರು ಬಾಲ್ಕನಿಯ ಕುರ್ಚಿಯಲ್ಲಿ ಕೂತು ಒಂದಿಡೀ ಬೆಳಗ್ಗೆ ಊಹಿಸಿದರು. ಹಲ್ಲುನೋವು ಬಂತು, ಹೋಯಿತು. ಮುರಿದ ಕೈ ಬಂತು, ಅದೂ ಸಾಲಲಿಲ್ಲ. ಕೊನೆಗೆ ಒಂದು ದೃಶ್ಯ ಮೂಡಿತು: ಹದಿನಾರು ಟನ್ ಸಕ್ಕರೆ ಹೊತ್ತ ಲಾರಿ ವೇಬ್ರಿಡ್ಜ್ ಮೇಲೆ ಬಂದು ನಿಂತಿದೆ, ತಟ್ಟೆಯಡಿಯಲ್ಲಿ ಸಾಹೇಬರ ಎರಡೂ ಮಂಡಿ ಸಿಕ್ಕಿಕೊಂಡಿವೆ, ಡ್ರೈವರ್ ಚಹಾ ಕುಡಿಯಲು ಹೋಗಿದ್ದಾನೆ. ಸರಿ, ಇದೇ ಹತ್ತು. ಇದಕ್ಕೆ ಹೋಲಿಸಿ ಅವರು ಆ ಸಂಜೆಯ ನೋವನ್ನು ತೂಗಿ, ಬರೆದರು.

"ಕುರ್ಚಿಯಿಂದ ಏಳೋವಾಗ ಅಯ್ಯಯ್ಯೋ ಅಂತ ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಕೂಗಿದ್ರಲ್ಲ, ಎಷ್ಟು ಬರೆದ್ರಿ?" ಎಂದು ಹೆಂಡತಿ ಇಣುಕಿದರು.

"ಒಂದು ಪಾಯಿಂಟ್ ಎರಡು."

"ಎಷ್ಟು?"

"ಲಾರಿ ಇನ್ನೂ ಬಂದಿಲ್ಲ, ಇವಳೇ."

ಏಳು ದಿನವೂ ಲಾರಿ ಬರಲಿಲ್ಲ. ಎಂಟನೆಯ ದಿನ ನರ್ಸ್ ಸರಾಸರಿ ತೆಗೆದು ತಲೆ ಮೇಲೆ ಕೈ ಹೊತ್ತಳು. ಸಾಹೇಬರು ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಗೋಡೆಯನ್ನು ಎಷ್ಟೋ ವರ್ಷದ ನಂತರ ಸಿಕ್ಕ ನೆಂಟನಂತೆ ತಬ್ಬಿಕೊಂಡು ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಸಾರ್, ಒಂದು ಪಾಯಿಂಟ್ ಎರಡಕ್ಕೆ ಸೇರಿಸ್ಕೊಳ್ಳೋ ಹಾಗಿಲ್ಲ. ಸರಾಸರಿ ನಾಲ್ಕಾದ್ರೂ ಇರಬೇಕು." ಅಂದವಳೇ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಅದನ್ನ ನಾನು ನಿಮಗೆ ಹೇಳಬಾರದಿತ್ತು."

ಹಿಂದಿನ ಸಾಲಿನಲ್ಲಿ ಆರಾಮಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಒಬ್ಬಾತ ಎಂಟೂವರೆ ಬರೆದು ಒಳಗೆ ಹೋದ. ಸಾಹೇಬರು ಹೊರಗೆ ಉಳಿದರು. ನಾಲ್ಕು ವಾರ ಕಳೆದ ಮೇಲೆ ಇನ್ನೊಂದೇ ಒಂದು ಸಲ ಡೈರಿ ಬರೆಯಬಹುದು. ಅಧ್ಯಯನದ ನಿಯಮ ಅಷ್ಟಕ್ಕೇ ಅವಕಾಶ ಕೊಟ್ಟಿತ್ತು.

ಮನೆಗೆ ಬಂದ ಹೆಂಡತಿ ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದರು. "ಮುಂದಿನ ಸಲ ಐದು ಅಂತ ಬರೆದು ಬಿಸಾಕಿ."

"ಸುಳ್ಳು ತೂಕ ಬರೀಲಾ? ನಾನು?"

"ಸುಳ್ಳು ಯಾರು ಬರೀ ಅಂದ್ರು? ನಿಮ್ಮ ತಕ್ಕಡೀನೇ ತಪ್ಪು. ಉಂಗುರ ತೂಗೋಕೆ ಯಾರಾದ್ರೂ ಲಾರಿ ತಕ್ಕಡಿಗೆ ಹೋಗ್ತಾರೇನ್ರೀ?"

ಸಾಹೇಬರು ಚಹಾದ ಲೋಟವನ್ನು ಬಾಯಿಯವರೆಗೆ ಎತ್ತಿದವರು ಅಲ್ಲೇ ಶಿಲೆಯಾದರು. ತೂಗುವ ವಸ್ತುವಿಗೆ ತಕ್ಕ ತಕ್ಕಡಿ! ಇಲಾಖೆಗೆ ಸೇರಿದ ಮೊದಲ ವಾರವೇ ಕಲಿಸುವ ಪಾಠ ಅದು. ತರಕಾರಿ ತಕ್ಕಡಿಯಲ್ಲಿ ಬೆಳ್ಳಿ ತೂಗುತ್ತಿದ್ದ ಅಕ್ಕಸಾಲಿಗನ ಮೇಲೆ ಕೇಸು ಹಾಕಿದವರು, ತಮ್ಮ ಮಂಡಿಯನ್ನು ವೇಬ್ರಿಡ್ಜ್ ಮೇಲೆ ಇಟ್ಟಿದ್ದರು! ಮೂವತ್ತೊಂದು ವರ್ಷದ ಕೀರ್ತಿ ಅಡುಗೆಮನೆಯ ಬಾಗಿಲಲ್ಲಿ ಮಣ್ಣುಪಾಲಾಯಿತು. ಅವರು ಅಂದೇ ತಮ್ಮ ಹಳೆಯ ಹತ್ತನ್ನು ಜಪ್ತಿ ಮಾಡಿದರು.

ಹೊಸ ಹತ್ತಕ್ಕೆ ಊಹೆ ಬೇಡ, ನಿಜವಾಗಿ ಈ ಮಂಡಿ ಕಂಡ ಅತಿ ದೊಡ್ಡ ನೋವೇ ಆಗಲಿ ಎಂದು ತೀರ್ಮಾನವಾಯಿತು. ಅದು ಯಾವುದೆಂದು ಹುಡುಕಬೇಕಾಗಿರಲಿಲ್ಲ. ಕೆಲಸದ ಕೊನೆಯ ವರ್ಷ, ಒಂದು ಧಾನ್ಯದ ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಗುರ ಮಾಡಿದ ತೂಕದ ಕಲ್ಲೊಂದನ್ನು ಹಿಡಿದ ಗಳಿಗೆಯಲ್ಲೇ ಬಲಮಂಡಿ ಬೀಗ ಹಾಕಿಕೊಂಡಿತ್ತು. ಏಳಲಾಗದು, ಕೂರಲಾಗದು, ಕಣ್ಣಲ್ಲಿ ನೀರು. ಕೇಸು ಹಾಕಿಸಿಕೊಂಡ ಅಂಗಡಿಯವನೇ ಅಯ್ಯೋ ಪಾಪ ಎಂದು ಇಬ್ಬರು ಹಮಾಲರನ್ನು ಕರೆದ. ಅವರು ಸಾಹೇಬರನ್ನು ಮೂಟೆಯಂತೆ ಎತ್ತಿ, ಅಭ್ಯಾಸಬಲದಿಂದ ನೇರ, ರೈತರಿಂದ ಧಾನ್ಯ ಕೊಳ್ಳುವ ದೊಡ್ಡ ತಕ್ಕಡಿಯ ಮೇಲೆ ಇಳಿಸಿದರು. ಮುಳ್ಳು ಅರವತ್ತೈದು ತೋರಿಸಿತು. ಅರವತ್ತೆಂಟು ಕಿಲೋ ತೂಗುತ್ತಿದ್ದ ಸಾಹೇಬರು ಆ ನರಳಾಟದ ನಡುವೆಯೇ ಎರಡನೆಯ ಕೇಸು ಬರೆದರು.

ತಕ್ಕಡಿಯೇನೋ ಸರಿಯಾಯಿತು, ಆದರೆ ಮನಸ್ಸು ಕುಟುಕಿತು. ಎಷ್ಟು ತೂಕ ಬೇಕೆಂದು ತಿಳಿದ ಮೇಲೆ ತಕ್ಕಡಿ ಬದಲಾಯಿಸುವುದು ಕಳ್ಳ ವ್ಯಾಪಾರಿಯ ಲಕ್ಷಣವಲ್ಲವೇ? ನಾಲ್ಕು ವಾರ ಕಳೆಯುತ್ತಲೇ ಡಾಕ್ಟರಮ್ಮನ ಮುಂದೆ ಹೋಗಿ, ಅಪರಾಧಿಯಂತೆ ಕುರ್ಚಿಯ ತುದಿಯಲ್ಲಿ ಕೂತು, ಲಾರಿ, ಉಂಗುರ, ಹಮಾಲರು, ನಾಲ್ಕರ ಗುಟ್ಟು ಎಲ್ಲವನ್ನೂ ಒಪ್ಪಿಸಿದರು.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿಗೆ ಬಂದ ನೀರು ಅದು. "ಇಲ್ಲಿಗೆ ಬರೋರೆಲ್ಲ ಒಳಗೆ ಸೇರೋಕೆ ಒಂದೆರಡು ಅಂಕ ಜಾಸ್ತಿ ಹಾಕ್ತಾರೇನೋ ಅಂತ ನಮಗೆ ಯಾವಾಗ್ಲೂ ಅನುಮಾನ ಸರ್. ನೀವೊಬ್ರು ನಿಮ್ಮ ಮೇಲೆ ನೀವೇ ಚಾಡಿ ಹೇಳ್ತಿದ್ದೀರಿ. ತಪ್ಪು ನಿಮ್ಮದಲ್ಲ. ಹತ್ತು ಅಂದ್ರೆ ಏನು ಅಂತ ನಾವು ಸರಿಯಾಗಿ ಹೇಳಿರಲಿಲ್ಲ. ಇದನ್ನೆಲ್ಲ ದಾಖಲು ಮಾಡ್ಕೊಳ್ತೀನಿ. ಹೊಸ ಡೈರಿ ಬರೀರಿ."

ಬರೆದರು. ಮೂರೂವರೆ, ನಾಲ್ಕು, ನಾಲ್ಕೂವರೆ, ಮೂರು ಪಾಯಿಂಟ್ ಎಂಟು, ನಾಲ್ಕು, ಮೂರೂವರೆ, ನಾಲ್ಕು. ಯಾವ ದಿನವೂ ಹಿಂದಿನ ಪುಟ ತಿರುವಿ ನೋಡಲಿಲ್ಲ, ಕೂಡಿಸಲಿಲ್ಲ. ಎಂಟನೆಯ ದಿನ ನರ್ಸ್ ಕ್ಯಾಲ್ಕುಲೇಟರ್ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

"ಮೂರು ಪಾಯಿಂಟ್ ಒಂಬತ್ತು ಸಾರ್."

ಹೆಂಡತಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಮೂರು ಪಾಯಿಂಟ್ ಒಂಬತ್ತು ಅಂದ್ರೆ ನಾಲ್ಕೇ ಅಲ್ವಾ?" ಎಂದರು ಜೇನಿನಂಥ ದನಿಯಲ್ಲಿ.

"ಹೌದಮ್ಮ, ನಾಲ್ಕು ಅಂತ ಬರ್ಕೊಂಡ್ರೆ..." ನರ್ಸ್ ಪೆನ್ನೆತ್ತಿ ಡಾಕ್ಟರಮ್ಮನತ್ತ ನೋಡಿದಳು. ಡಾಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಎದ್ದು ನಿಂತಿದ್ದರು. ಮಂಡಿ ಕಟಕ್ ಎಂದು ರಣಭೇರಿ ಬಾರಿಸಿತು.

"ಸಿಸ್ಟರ್, ಪೆನ್ನು ಕೆಳಗಿಡಿ! ಒಂಬೈನೂರು ಗ್ರಾಂ ಕೊಟ್ಟು ಕಿಲೋ ಅನ್ನೋರನ್ನ ಹಿಡಿದೇ ನನ್ನ ಮಂಡಿ ಸವೆದಿದ್ದು. ಈಗ ಅದೇ ಮಂಡಿಗೋಸ್ಕರ ನಾನೇ ತೂಕ ಹಾರಿಸ್ಲಾ?"

"ಅವರು ಹೇಳೋದು ಸರಿ," ಎಂದರು ಡಾಕ್ಟರಮ್ಮ ಮೆಲ್ಲಗೆ. "ನಿಯಮ ನಾಲ್ಕು ಅನ್ನತ್ತೆ. ಸೇರಿಸೋ ಹಾಗಿಲ್ಲ."

ಹೀಗೆ ನಮ್ಮ ವೀರರು ಒಂದು ದಶಾಂಶದಿಂದ ಸೋತರು. ಎದೆಯುಬ್ಬಿಸಿ ಬಾಗಿಲವರೆಗೆ ನಡೆದವರು ಅಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಮೂರನೇ ಮಹಡಿಯ ಬಾಲ್ಕನಿ ಕಣ್ಮುಂದೆ ಬಂದಿರಬೇಕು, ಮುಖ ಇಳಿದಿತ್ತು. ಬೈಯಲು ಬಾಯಿ ತೆರೆದಿದ್ದ ಹೆಂಡತಿ ಅದನ್ನು ನೋಡಿ ಸುಮ್ಮನೆ ಅವರ ತೋಳು ಹಿಡಿದರು.

"ಸರ್, ಎಲ್ಲಿಗೆ ಹೊರಟ್ರಿ?" ಡಾಕ್ಟರಮ್ಮ ಕರೆದರು. "ಇಂಜೆಕ್ಷನ್ ಹೆಚ್ಚಿನ ಉಪಯೋಗ ಮಾಡತ್ತಾ ಅನ್ನೋದಷ್ಟೇ ನಮಗೆ ಗೊತ್ತಿಲ್ಲದ ವಿಷಯ. ವ್ಯಾಯಾಮದಿಂದ ಪ್ರಯೋಜನ ಇದೆ ಅಂತ ಮೊದಲೇ ಗೊತ್ತು. ಅದಕ್ಕೆ ಯಾವ ಅಧ್ಯಯನಕ್ಕೂ ಸೇರಬೇಕಿಲ್ಲ. ಪಕ್ಕದ ಕೋಣೇಲಿ ಯಾರು ಬಂದ್ರೂ ಕಲಿಸ್ತಾರೆ."

"ಇದನ್ನ ಮೊದಲ ದಿನವೇ ಹೇಳಬಾರದಾಗಿತ್ತಾ?" ಎಂದರು ಹೆಂಡತಿ.

"ಮೊದಲ ದಿನವೇ ಚೀಟಿ ಬರೆದುಕೊಟ್ಟಿದ್ದೆನಲ್ಲಮ್ಮ."

ಚೀಟಿ ಸಾಹೇಬರ ಜೇಬಿನಲ್ಲೇ ಇತ್ತು. ಯಾರಿಗೂ ಗೊತ್ತಿಲ್ಲದ ಲಕೋಟೆಯ ಬೆರಗಿನಲ್ಲಿ ಅವರು ಅದನ್ನು ಓದಿಯೇ ಇರಲಿಲ್ಲ.

ಅಂದೇ ಪಕ್ಕದ ಕೋಣೆಗೆ ಸವಾರಿ ಹೊರಟಿತು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಕಾಲು ಚಾಚಿ ಹತ್ತು ಎಣಿಸುವುದು, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು. ಮನೆಯಲ್ಲಿ ಎಣಿಸುವ ಅಧಿಕಾರ ಹೆಂಡತಿಯದು. ಎಂಟಕ್ಕೇ ನಿಲ್ಲಿಸಿ ಹತ್ತಾಯಿತೆಂದರೆ, "ಇನ್ನೆರಡು ಬಾಕಿ ಇದೆ. ಕೇಸು ಹಾಕ್ಲಾ?" ಎನ್ನುತ್ತಿದ್ದರು. ಮೂರನೆಯ ವಾರ ನೋವು ಜಾಸ್ತಿಯಾದಂತೆನಿಸಿ ಸಾಹೇಬರು ಮುಷ್ಕರ ಹೂಡಿದರು. ಎರಡು ದಿನ ಯಾರೂ ಓಲೈಸದ ಕಾರಣ ತಾವೇ ಹಿಂತೆಗೆದುಕೊಂಡರು. ಎಂಟನೆಯ ವಾರ ಐವತ್ತನಾಲ್ಕು ಮೆಟ್ಟಿಲಿಳಿದು ಬೀದಿಗೆ ಬಂದಾಗ, ತರಕಾರಿ ಗಾಡಿಯವನು ಗಾಬರಿಯಿಂದ ಒಂದು ಟೊಮೆಟೊ ಹೆಚ್ಚಿಗೆ ಹಾಕಿದನೆಂದೂ, ಸಾಹೇಬರು ಅದನ್ನು ಅಲ್ಲೇ ತೆಗೆಸಿದರೆಂದೂ ಸುದ್ದಿ.

ಹನ್ನೆರಡು ವಾರ ತುಂಬಿದ ಮರುದಿನ ಸಾಹೇಬರು ಗೋಡೆಯ ನೆಂಟಸ್ತಿಕೆಯಿಲ್ಲದೆ ಪಡಸಾಲೆ ದಾಟಿ, ಡಾಕ್ಟರಮ್ಮನ ಮೇಜಿನ ಮೇಲೆ ಒಂದು ದಪ್ಪ ನೋಟುಪುಸ್ತಕ ಇಟ್ಟರು. ಎಂಬತ್ತನಾಲ್ಕು ದಿನ, ಎಂಬತ್ತನಾಲ್ಕು ಅಂಕಿ. ಮುಷ್ಕರದ ಎರಡು ದಿನಗಳಿಗೆ ಸುತ್ತ ಕೆಂಪು ಗೆರೆ. ಕೊನೆಯ ವಾರದ ಸರಾಸರಿ ಒಂದು ಪಾಯಿಂಟ್ ಒಂಬತ್ತು.

"ತುಂಬಾ ಸಂತೋಷ ಸರ್. ಆದ್ರೆ ಇದನ್ನ ನಮ್ಮ ಅಧ್ಯಯನಕ್ಕೆ..."

"ಸೇರಿಸೋ ಹಾಗಿಲ್ಲ, ಗೊತ್ತು. ಯಾರೂ ಮರೆತು ಸೇರಿಸಿಬಿಡಬಾರದು ಅಂತ ನಾನೇ ಬಂದೋಬಸ್ತು ಮಾಡಿದ್ದೀನಿ."

ಡಾಕ್ಟರಮ್ಮ ಪುಸ್ತಕ ಮುಚ್ಚಿ ರಟ್ಟನ್ನು ನೋಡಿದರು. ಮನೆಯ ಚಿಕ್ಕ ತಕ್ಕಡಿಗಳ ಮೇಲೆ ಕಡ್ಡಾಯವಾಗಿ ಇರಬೇಕೆಂದು ಸಾಹೇಬರು ಮೂವತ್ತೊಂದು ವರ್ಷ ಹಟ ಹಿಡಿದಿದ್ದ ಒಕ್ಕಣೆ ಅಲ್ಲಿ ಅಚ್ಚುಕಟ್ಟಾದ ದಪ್ಪಕ್ಷರದಲ್ಲಿತ್ತು: ಮನೆಬಳಕೆಗೆ ಮಾತ್ರ. ವ್ಯಾಪಾರಕ್ಕೆ ಸಲ್ಲದು.